ಬಿಸಿಬೇಳೆಬಾತ್, ಪೊಂಗಲ್, ಪಲಾವ್: ಫ್ರೀಜರ್‌ನಲ್ಲಿ ತಾಳಿದ್ದು ಯಾವುದು?

ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ರಾತ್ರಿಯ ಅಡುಗೆಗೆ ಕೈಗಳೇ ಸಾಲುವುದಿಲ್ಲ. ತೋಟ ಇರುವುದು ತೀರ್ಥಹಳ್ಳಿಯ ಕಡೆ. ಕೊನೆ (ಅಡಿಕೆಯ ಗೊಂಚಲು) ಇಳಿಸಿದ ಮೇಲೆ ಸುಲಿತ ಮುಂದೂಡುವಂತಿಲ್ಲ, ಸುಲಿದದ್ದನ್ನು ಬೇಯಿಸದೆ ಇಡುವಂತಿಲ್ಲ. ರಾತ್ರಿ ಹತ್ತರವರೆಗೆ ನಾನು ಅಡಿಕೆ ಬೇಯಿಸುವ ಚೊಗರಿನ ಹಂಡೆಯ ಮುಂದೆ, ಅತ್ತೆ ಸುಲಿಯುವವರ ಸಾಲಿನಲ್ಲಿ. ಹಾಗಾಗಿ ಕಳೆದ ನವೆಂಬರ್‌ನಲ್ಲಿ ಒಂದೇ ಪಾತ್ರೆಯಲ್ಲಿ ಮುಗಿಯುವ ಮೂರು ಅಡುಗೆಗಳನ್ನು ಹೆಚ್ಚಿಗೆ ಮಾಡಿ ಫ್ರೀಜರ್‌ನಲ್ಲಿಟ್ಟೆ. ಒಂದು ವಾರಕ್ಕೆ, ಮೂರು ವಾರಕ್ಕೆ, ಆರು ವಾರಕ್ಕೆ ಒಂದೊಂದು ಡಬ್ಬಿ ತೆಗೆದು ಎಲ್ಲರೂ ಉಂಡು ನೋಡಿದೆವು.

"ಮೂರು ವಾರದ ತಂಗಳನ್ನು ಯಾರು ಉಣ್ಣುತ್ತಾರೆ ಮಾರಾಯ್ತಿ?" ಎಂದು ಅತ್ತೆ ಮೊದಲೇ ಕೇಳಿದ್ದರು. ಅವರ ಅಳುಕಿನಲ್ಲಿ ನ್ಯಾಯವಿತ್ತು. ಮೈನಸ್ 18 ಡಿಗ್ರಿಯ ಚಳಿಯಲ್ಲಿ ಅನ್ನ ಹಳಸುವ ಸೂಕ್ಷ್ಮಜೀವಿಗಳು ಬೆಳೆಯುವುದನ್ನು ನಿಲ್ಲಿಸುತ್ತವೆಯೇ ಹೊರತು ಸಾಯುವುದಿಲ್ಲ. ಅದರಲ್ಲೂ ಅಕ್ಕಿಯಲ್ಲಿರುವ ಕೆಲವು ಬೀಜಾಣುಗಳು ಕುದಿಸಿದರೂ ಉಳಿದುಕೊಂಡು, ಪಾತ್ರೆ ಉಗುರುಬೆಚ್ಚಗಿರುವಷ್ಟು ಹೊತ್ತೂ ಹೆಚ್ಚುತ್ತಾ ಹೋಗುತ್ತವೆ. ಆದ್ದರಿಂದ ದೊಡ್ಡ ಪಾತ್ರೆಯಲ್ಲೇ ತಣಿಯಲು ಬಿಡುವುದು ತಪ್ಪು. ನಾನು ಹರಿವಾಣದಲ್ಲಿ ತೆಳುವಾಗಿ ಹರಡಿ, ಅದನ್ನು ಬಾವಿಯ ತಣ್ಣೀರು ತುಂಬಿದ ಬೋಗುಣಿಯ ಮೇಲೆ ಇಡುತ್ತೇನೆ. ಅರ್ಧ ಗಂಟೆಯೊಳಗೆ ಡಬ್ಬಿಗೆ ತುಂಬುವ ಹದಕ್ಕೆ ಬರುತ್ತದೆ.

ಬಿಸಿಬೇಳೆಬಾತಿನ ಮೇಲೆ ನನಗೆ ಹೆಚ್ಚು ಭರವಸೆ ಇತ್ತು, ಮೊದಲ ಸಲ ಅದೇ ಕೈಕೊಟ್ಟಿತು. ಅರ್ಧ ಕಿಲೋ ಸೋನಾ ಮಸೂರಿ, ಅರ್ಧ ಕಿಲೋ ತೊಗರಿಬೇಳೆ, ಹುರುಳಿಕಾಯಿ, ಕ್ಯಾರೆಟ್, ಬಟಾಣಿ, ಆಲೂಗಡ್ಡೆ ಹಾಕಿ ಮಾಡಿದಾಗ 12 ಊಟಕ್ಕಾಯಿತು. ವಾರದ ನಂತರ ಬಿಸಿ ಮಾಡಿ ಆಲೂಗಡ್ಡೆಯ ಹೋಳೊಂದನ್ನು ಚಮಚದಿಂದ ಒತ್ತಿದೆ. ಸ್ಪಂಜು ಹಿಂಡಿದಂತೆ ನೀರು ಸುರಿಯಿತು, ಉಳಿದದ್ದು ನಾಲಗೆಗೆ ಮರಳುಮರಳು. ಹೆಪ್ಪುಗಟ್ಟುವಾಗ ತರಕಾರಿಯೊಳಗಿನ ನೀರು ಹರಳಾಗಿ ಅದರ ಕಣಗಳನ್ನು ಸೀಳುತ್ತದೆ. ಆ ಪೆಟ್ಟು ಆಲೂಗಡ್ಡೆಗೆ ಎಲ್ಲಕ್ಕಿಂತ ಜೋರಾಗಿ ಬಿದ್ದಿತ್ತು. ಇನ್ನೊಂದು ಎಡವಟ್ಟೂ ಆಯಿತು: ಡಬ್ಬಿಗಳನ್ನು ಕಂಠಮಟ್ಟ ತುಂಬಿದ್ದೆ. ನೀರು ಹೆಪ್ಪಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಸ್ಟೀಲ್ ಡಬ್ಬಿಯ ಮುಚ್ಚಳ ಉಬ್ಬಿ ಎದ್ದು ನಿಂತಿತ್ತು.

ಎರಡನೇ ಸಲ ಆಲೂಗಡ್ಡೆ ಬಿಟ್ಟು ನವಿಲುಕೋಸು ಹಾಕಿದೆ. ನೀರನ್ನು ಒಂದು ಲೋಟ ಹೆಚ್ಚು ಹಾಕಿ, ಹುಳಿಯಷ್ಟು ಸಡಿಲವಾಗಿರುವಾಗಲೇ ಇಳಿಸಿದೆ. ಗೋಡಂಬಿ, ಕರಿಬೇವಿನ ಒಗ್ಗರಣೆಯನ್ನು ಕೊಡಲೇ ಇಲ್ಲ. ಡಬ್ಬಿಯ ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟೆ. ಆರು ವಾರದ ನಂತರ ತೆಗೆದು, ರಾತ್ರಿಯಿಡೀ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು, ಮರುದಿನ ಗುಳುಗುಳು ಕುದಿಸಿ ತುಪ್ಪದ ಒಗ್ಗರಣೆ ಹಾಕಿದೆ. ಅದರ ಪಕ್ಕದಲ್ಲಿ ಅದೇ ದಿನ ಮಾಡಿದ ಬಾತನ್ನೂ ಇಟ್ಟು, ಹೇಳದೆ ಬಡಿಸಿದೆ. ಅತ್ತೆ ಹಳೆಯದನ್ನೇ ಎರಡನೇ ಸಲ ಹಾಕಿಸಿಕೊಂಡರು. ಹುಣಸೆ, ಬೆಲ್ಲ, ಪುಡಿ ಒಂದಕ್ಕೊಂದು ಹಿಡಿದು ರುಚಿ ಕೂಡಿತ್ತು ಎಂಬುದು ನನ್ನ ನಾಲಗೆಯ ತೀರ್ಪೂ ಹೌದು.

ಖಾರ ಪೊಂಗಲ್ ಹದದಲ್ಲಿ ಇದಕ್ಕೆ ಸರಿಸಾಟಿ. ಅಕ್ಕಿಯಷ್ಟೇ ಹೆಸರುಬೇಳೆ ಇರುವುದರಿಂದ, ಕಲ್ಲಿನಂತಿದ್ದ ಮುದ್ದೆ ಎರಡು ಲೋಟ ಬಿಸಿನೀರು ಕುಡಿದು ಮತ್ತೆ ಮೆತ್ತಗಾಗುತ್ತದೆ. ತಳ ಹಿಡಿಯದಂತೆ ಪಕ್ಕದಲ್ಲೇ ನಿಂತು ಕೈಯಾಡಿಸಬೇಕು, ಚೊಗರಿನ ಹಂಡೆ ಬಿಟ್ಟು ಬಂದವಳಿಗೆ ಅದು ದೊಡ್ಡ ಕಷ್ಟ. ಮೂರು ವಾರ ಕಳೆದ ಮೇಲೆ ಶುಂಠಿಯ ಘಮ ಇಲ್ಲವಾಯಿತು. ತೋಟದ ಕಾಳುಮೆಣಸನ್ನು ಬಡಿಸುವ ಹೊತ್ತಿಗೆ ಕುಟ್ಟಿ ಹಾಕಿದರೆ ಜೀವ ಬರುತ್ತದೆ. ಜ್ವರ ಬಂದವರಿಗೆ, ಮಕ್ಕಳಿಗೆ ನಾನು ಇದನ್ನೇ ಆರಿಸುತ್ತೇನೆ.

ಪಲಾವ್ ಒಂದು ವಾರ ಚೆನ್ನಾಗಿತ್ತು. ಇಡ್ಲಿ ಪಾತ್ರೆಯ ಹಬೆಯಲ್ಲಿ ಬಿಸಿ ಮಾಡಿದರೆ ಅಗುಳು ಬಿಡಿಬಿಡಿಯಾಗಿ, ಎಲ್ಲಕ್ಕಿಂತ ಬೇಗ ಊಟಕ್ಕೆ ಸಿದ್ಧ. ಆರು ವಾರಕ್ಕೆ ಮೇಲಿನ ಪದರ ಒಣಗಿ ಬೆಳ್ಳಗಾಗಿತ್ತು, ಹೂಕೋಸು ನೀರಾಗಿತ್ತು, ಲವಂಗ ಮಾತ್ರ ಬೇರೆಲ್ಲ ರುಚಿಯನ್ನೂ ಮುಚ್ಚಿ ಕಹಿ ಕಾರುತ್ತಿತ್ತು. ಮತ್ತೆ ಮಾಡುವುದಿಲ್ಲ.

ಮಲೆನಾಡಿನಲ್ಲಿ ಇದೆಲ್ಲಕ್ಕಿಂತ ಮುಖ್ಯವಾದುದು ಕರೆಂಟು. ಜುಲೈಯಲ್ಲಿ ಆಗುಂಬೆಯ ಕಡೆಯ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು, ಒಂದೂವರೆ ದಿನ ವಿದ್ಯುತ್ ಇರಲಿಲ್ಲ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ಚಳಿ ಹಿಡಿದಿಡುತ್ತದೆ, ಅರ್ಧ ತುಂಬಿದ್ದು 24 ಗಂಟೆ. ನಮ್ಮದು ಅರ್ಧ ಖಾಲಿಯಿತ್ತು. ನಾಲ್ಕು ಡಬ್ಬಿ ಬಾತ್ ಕರಗಿ ಬೆಚ್ಚಗಾಗಿದ್ದನ್ನು ನೋಡಿ ಹೊಟ್ಟೆ ಉರಿಯಿತು, ಆದರೂ ಗೊಬ್ಬರದ ಗುಂಡಿಗೇ ಹಾಕಿದೆ. ಹಾಗೆ ಬೆಚ್ಚಗಾದದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಮಕ್ಕಳಿಗೆ ಬಡಿಸುವ ಧೈರ್ಯ ನನಗಿಲ್ಲ. ಈಗ ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿಗಳನ್ನು ತುರುಕಿಟ್ಟಿದ್ದೇನೆ, ಮುಕ್ಕಾಲು ಭಾಗ ಮಾತ್ರ ತುಂಬಿ.

ಈ ಸಲದ ಕೊಯ್ಲಿಗೆ 20 ಡಬ್ಬಿ ಬಿಸಿಬೇಳೆಬಾತ್, 6 ಡಬ್ಬಿ ಪೊಂಗಲ್. ನವಿಲುಕೋಸು ಸಂತೆಯಿಂದ ಬಂದಾಗಿದೆ, ಬೇಳೆ ನೆನೆದಿದೆ.