ಜಡಿಮಳೆಗೆ ರಗ್ಬಿ ಚೆಂಡು: ರಬ್ಬರ್ ಮೈಯ ಸೈಜ್ 5

ಮಲೆನಾಡಿನ ಮಳೆಗಾಲಕ್ಕೆ ರಗ್ಬಿ ಚೆಂಡು ಕೊಳ್ಳುವವರು ಬಣ್ಣ ನೋಡುವ ಮೊದಲು ಅದರ ಮೈ ಸವರಿ ನೋಡಿ. ನುಣುಪು ಪಿವಿಸಿ ಚೆಂಡು ಅಗ್ಗ, ಬೇಸಿಗೆಗೆ ನಡೆಯುತ್ತದೆ. ಮಳೆ ಹಿಡಿದರೆ ಕೈಯಲ್ಲಿ ನಿಲ್ಲುವುದಿಲ್ಲ. ಪಾಸ್ ಹಿಡಿಯುವಾಗ ಜಾರಿ ಮುಂದಕ್ಕೆ ಬಿದ್ದರೆ ನಾಕ್-ಆನ್ ಎಂಬ ತಪ್ಪು. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಮೈದಾನಗಳಿಗೆ ಹೊಂದುವುದು ಜಲಂಧರ್‌ನಿಂದ ಬರುವ, ಕೈಹೊಲಿಗೆಯ, ನಾಲ್ಕು ತುಂಡಿನ ರಬ್ಬರ್ ಚೆಂಡು.

ಮೈತುಂಬ ಇರುವ ಸಣ್ಣ ಗುಳ್ಳೆಗಳಿಂದ ಒದ್ದೆ ಬೆರಳಿಗೂ ಹಿಡಿತ ಸಿಗುತ್ತದೆ. ತೂಕ 410ರಿಂದ 460 ಗ್ರಾಂ. ನೆನೆದರೂ ಅಷ್ಟಾಗಿ ಏರುವುದಿಲ್ಲ. ಇದು ಸಣ್ಣ ಲಾಭವಲ್ಲ. ಆಸ್ಟ್ರೇಲಿಯಾದ ನೌಕಾಪಡೆಯಲ್ಲಿದ್ದು ಇಂಗ್ಲೆಂಡಿಗೆ ಬಂದ ಬ್ರಿಯಾನ್ ಬೆವನ್ 1945ರ ಕೊನೆಗೆ ವಾರಿಂಗ್ಟನ್ ಕ್ಲಬ್ ಪರ ಮೊದಲು ಕಣಕ್ಕಿಳಿದು, 1964ರವರೆಗೆ ರಗ್ಬಿ ಲೀಗ್ (ತಂಡಕ್ಕೆ 13 ಮಂದಿಯ ರಗ್ಬಿ) ಆಡಿದರು. ಅಂಚಿನಲ್ಲಿ ಓಡುವ ಆ ಸಣಕಲು ವಿಂಗರ್ 796 ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡು ನೆಲಕ್ಕೂರುವುದು) ಗಳಿಸಿದ್ದು ನೀರು ಕುಡಿದು ಭಾರವಾಗುವ ಚರ್ಮದ ಚೆಂಡಿನಲ್ಲಿ, ಉತ್ತರ ಇಂಗ್ಲೆಂಡಿನ ಕೆಸರಿನಲ್ಲಿ. ಅದರಲ್ಲಿ 740 ವಾರಿಂಗ್ಟನ್‌ಗೇ. ಆಗ ಟ್ಯಾಕಲ್‌ಗೆ ಮಿತಿಯೂ ಇರಲಿಲ್ಲ. ಎಷ್ಟು ಸಲ ಕೆಡವಿದರೂ ಚೆಂಡು ಅದೇ ತಂಡದ್ದು. ಕೈಜಾರಿದರೆ ಮತ್ತೆ ಸಿಗುವುದು ಯಾವಾಗಲೋ! ಗುಳ್ಳೆ ಮೈಯ ಚೆಂಡು ಹಿಡಿದು ಮಳೆಯನ್ನು ದೂರುವವರು ಇದನ್ನೊಮ್ಮೆ ನೆನೆಯಬಹುದು.

ತೊಂದರೆ ಇಲ್ಲವೆಂದಲ್ಲ. ಜಂಬಿಟ್ಟಿಗೆ ನೆಲದ ಜಿಗುಟು ಕೆಸರು ಗುಳ್ಳೆಗಳ ನಡುವೆ ಮೆತ್ತಿಕೊಂಡರೆ ಹಿಡಿತ ಹೋಯಿತು. ಆಟದ ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮೆತ್ತನೆ ಬ್ರಷ್‌ನಲ್ಲಿ ತಣ್ಣೀರಿನಿಂದ ತೊಳೆಯಬೇಕು. ಬೇಸಿಗೆಯಲ್ಲಿ ಅದೇ ನೆಲದ ಹರಳು ಗುಳ್ಳೆಗಳನ್ನು ಉಜ್ಜಿ ಸವೆಸುತ್ತದೆ, ಆದ್ದರಿಂದ ಒಣ ಕಾಲಕ್ಕೆ ಹಳೆ ಚೆಂಡೇ ಇರಲಿ.

ನಮ್ಮ ಕಡೆ ಚೆಂಡು ಕೆಡುವುದು ಹೆಚ್ಚಾಗಿ ಒಣಗಿಸುವಾಗ. ಬಚ್ಚಲ ಒಲೆಯ ಪಕ್ಕ ಇಟ್ಟರೆ ಅಂಟು ಸಡಿಲಿ, ರಬ್ಬರು ಒಳಗಿನ ಬಟ್ಟೆಯ ಪದರದಿಂದ ಎದ್ದು ಬರುತ್ತದೆ. ಒಮ್ಮೆ ಬೊಬ್ಬೆ ಎದ್ದರೆ ಚೆಂಡಿನ ಆಕಾರ ತಿರುಗಿ ಬರುವುದಿಲ್ಲ. ಗಾಳಿಯಾಡುವ ಜಗಲಿಯಲ್ಲಿ ನೇತುಹಾಕಿ. ಹೊಲಿಗೆ ಮೇಣ ಸವರಿದ ಪಾಲಿಯೆಸ್ಟರ್ ದಾರದ್ದೇ ಎಂದು ಕೊಳ್ಳುವಾಗಲೇ ಕೇಳಿ. ಹತ್ತಿ ದಾರ ಆಷಾಢದ ತೇವಕ್ಕೆ ಕೊಳೆಯುತ್ತದೆ.

ಗಾಳಿಯ ಒತ್ತಡ 9.5ರಿಂದ 10 ಪಿಎಸ್‌ಐ. ಸೈಕಲ್ ಅಂಗಡಿಯಲ್ಲಿ ಕಲ್ಲಿನಂತೆ ತುಂಬಿಸಿದರೆ ಹೊಲಿಗೆ ಹಿಗ್ಗುತ್ತದೆ, ಚೆಂಡೂ ಎದೆಗೆ ಬಡಿದು ಚಿಮ್ಮುತ್ತದೆ. ಸೂಜಿಗೆ ಒಂದು ಹನಿ ಗ್ಲಿಸರಿನ್ ಸವರಿ ನೇರವಾಗಿ ತೂರಿಸಿ. ಒಣ ಸೂಜಿ ವಾಲ್ವ್ ಹರಿಯುತ್ತದೆ. ಒಳಗಿನ ಗಾಳಿಚೀಲ (ಬ್ಲ್ಯಾಡರ್) ಬ್ಯೂಟೈಲ್ ರಬ್ಬರ್‌ನದಾದರೆ ಗಾಳಿ ಬಹಳ ದಿನ ನಿಲ್ಲುತ್ತದೆ, ಲೇಟೆಕ್ಸ್ ಆದರೆ ಪ್ರತಿ ಆಟಕ್ಕೂ ಮುಂಚೆ ಪಂಪು ಹಿಡಿಯಬೇಕು.

10ರಿಂದ 14 ವರ್ಷದ ಮಕ್ಕಳಿಗೆ ಈ ಸೈಜ್ 5 ದೊಡ್ಡದಾಯಿತು, ಸೈಜ್ 4 ಕೊಡಿಸಿ.