ಪುಟ ಗೂಗಲ್‌ಗೆ ಸೇರಿಸಲು ಯಾವ ದಾರಿ ಮೇಲು: ಸೈಟ್‌ಮ್ಯಾಪ್, ರಿಕ್ವೆಸ್ಟ್ ಇಂಡೆಕ್ಸಿಂಗ್, ಇಂಡೆಕ್ಸ್‌ನೌ

ಚಿಕ್ಕಪೇಟೆಯ ಸೀರೆ ಅಂಗಡಿಯಾಗಲಿ, ಪೀಣ್ಯದ ಲೇತ್ ವರ್ಕ್‌ಶಾಪ್ ಆಗಲಿ, ಮೂವತ್ತು ನಲವತ್ತು ಪುಟದ ವೆಬ್‌ಸೈಟ್ ಮಾಡಿಸಿದ ಮೇಲೆ ಹುಡುಕಿದರೆ ಹೋಮ್‌ಪೇಜ್ ಬಿಟ್ಟು ಬೇರೇನೂ ಸಿಗದಿರುವುದು ತೀರಾ ಸಾಮಾನ್ಯ. ಇಂಥ ಸಣ್ಣ ಸೈಟುಗಳಲ್ಲಿ ಬಳಸಿ ನೋಡಿದ ದಾರಿಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟಿದ್ದೇವೆ.

ಸೈಟನ್ನು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿಸಿದ್ದರೆ, ಮೊದಲು ಅದರ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್ ತೆರೆಯಿರಿ. ಸರ್ಚ್ ಎಂಜಿನ್‌ಗಳಿಗೆ ಬರಬೇಡಿ ಎನ್ನುವ ಟಿಕ್ ಅಲ್ಲಿದೆ. ಸೈಟ್ ಕಟ್ಟುವಾಗ ಹಾಕಿದ್ದನ್ನು ಲೈವ್ ಮಾಡುವಾಗ ತೆಗೆಯದೆ ಬಿಟ್ಟಿದ್ದರೆ ಪ್ರತಿ ಪುಟದಲ್ಲೂ ನೋಇಂಡೆಕ್ಸ್ ಟ್ಯಾಗ್, ಅಂದರೆ ಇಂಡೆಕ್ಸಿಗೆ (ಸರ್ಚ್ ಎಂಜಿನ್ ಇಟ್ಟುಕೊಳ್ಳುವ ಪುಟಗಳ ಪಟ್ಟಿಗೆ) ಸೇರಿಸಬೇಡಿ ಎನ್ನುವ ಗುರುತು, ಇರುತ್ತದೆ. ಆಗ ಮುಂದೆ ಹೇಳುವ ಯಾವುದೂ ನಾಟುವುದಿಲ್ಲ.

ರಿಕ್ವೆಸ್ಟ್ ಇಂಡೆಕ್ಸಿಂಗ್: ಸೈಟ್ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ, ಮೇಲಿನ ಹುಡುಕುವ ಪೆಟ್ಟಿಗೆಗೆ ಪುಟದ ಪೂರ್ತಿ ವಿಳಾಸ ಹಾಕಿ, ‘ಟೆಸ್ಟ್ ಲೈವ್ ಯುಆರ್‌ಎಲ್’ ಒತ್ತಿ, ತೊಡಕಿಲ್ಲವೆಂದು ಬಂದ ಮೇಲೆ ರಿಕ್ವೆಸ್ಟ್ ಕಳಿಸಿ. ದಿನಕ್ಕೆ ಇಷ್ಟೇ ಎಂಬ ಮಿತಿ ಇರುವುದರಿಂದ ಮುಖ್ಯವಾದ ನಾಲ್ಕೈದು ಪುಟಗಳಿಗೆ ಇದು ಸರಿ. ಅದೇ ಪುಟವನ್ನು ಮತ್ತೆ ಮತ್ತೆ ಕಳಿಸಿದರೆ ಬೇಗ ಆಗುವುದಿಲ್ಲ. ಕೆಲವು ದಿನದಿಂದ ಕೆಲವು ವಾರದವರೆಗೆ ಕಾಯಲೇಬೇಕು.

ಸೈಟ್‌ಮ್ಯಾಪ್: ಸೈಟಿನ ಪುಟಗಳ ವಿಳಾಸಗಳನ್ನು ಪಟ್ಟಿ ಮಾಡಿದ ಫೈಲು. ನಮ್ಮ ಮೊದಲ ಆಯ್ಕೆ ಇದೇ. ಸರ್ಚ್ ಕನ್ಸೋಲ್‌ನಲ್ಲಿ ಒಮ್ಮೆ ಸಲ್ಲಿಸಿದರೆ ಸಾಕು, ಹೊಸ ಪುಟಗಳು ಆ ಪಟ್ಟಿಗೆ ತಾವಾಗಿ ಸೇರಿಕೊಳ್ಳುತ್ತವೆ. 2020ರಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದ ಇದು ಒಳಗೇ ತಯಾರಾಗುತ್ತದೆ. ಒಂದು ಫೈಲಿಗೆ 50,000 ವಿಳಾಸದ ಮಿತಿ ಇದೆ, ಸಣ್ಣ ವ್ಯಾಪಾರಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅದರಲ್ಲಿ ಬರೆಯುವ ಪ್ರಯಾರಿಟಿ (ಪುಟ ಎಷ್ಟು ಮುಖ್ಯ), ಚೇಂಜ್‌ಫ್ರೀಕ್ (ಎಷ್ಟು ಸಲ ಬದಲಾಗುತ್ತದೆ) ಎರಡನ್ನೂ ಗೂಗಲ್ ಗಮನಿಸುವುದಿಲ್ಲ, ಅವುಗಳಿಗೆ ಸಮಯ ಹಾಕಬೇಡಿ. ಲಾಸ್ಟ್‌ಮಾಡ್ (ಪುಟವನ್ನು ಕೊನೆಯ ಸಲ ತಿದ್ದಿದ) ತಾರೀಕನ್ನು ಮಾತ್ರ, ಅದು ನಿಜವಾಗಿದ್ದರೆ, ಬಳಸುತ್ತದೆ. ಏನೂ ತಿದ್ದದೆ ಎಲ್ಲ ಪುಟಕ್ಕೂ ಇವತ್ತಿನ ತಾರೀಕು ಹೊಡೆಯುವ ಪ್ಲಗಿನ್ ಇದ್ದರೆ ಗೂಗಲ್‌ಗೆ ಆ ತಾರೀಕಿನ ಮೇಲಿನ ನಂಬಿಕೆ ಹೋಗುತ್ತದೆ. ಸೈಟ್‌ಮ್ಯಾಪ್ ‘ಪಿಂಗ್’ ಮಾಡಿ, ಅಂದರೆ ಅದು ಬದಲಾದಾಗಲೆಲ್ಲ ಗೂಗಲ್‌ಗೆ ಸೂಚನೆ ಕಳಿಸಿ, ಎನ್ನುವ ಹಳೆಯ ಸಲಹೆಯನ್ನು ಬಿಟ್ಟುಬಿಡಿ, ಆ ಸೌಲಭ್ಯ ನಿಲ್ಲಿಸುವುದಾಗಿ ಗೂಗಲ್ 2023ರಲ್ಲೇ ಹೇಳಿದೆ.

ಇಂಡೆಕ್ಸ್‌ನೌ: ಹೊಸ ಅಥವಾ ಬದಲಾದ ಪುಟಗಳನ್ನು ಸರ್ಚ್ ಎಂಜಿನ್‌ಗಳಿಗೆ ನೇರವಾಗಿ ತಿಳಿಸುವ ವ್ಯವಸ್ಥೆ, 2021ರಲ್ಲಿ ಬಿಂಗ್ ಮತ್ತು ಯಾಂಡೆಕ್ಸ್ ಸರ್ಚ್ ಎಂಜಿನ್‌ಗಳು ತಂದದ್ದು. ಸೈಟ್ ನಿಮ್ಮದೇ ಎಂದು ತೋರಿಸುವ ಒಂದು ಕೀ ಫೈಲನ್ನು ಸೈಟಿನ ರೂಟ್‌ನಲ್ಲಿ (ಮುಖ್ಯ ಫೋಲ್ಡರ್‌ನಲ್ಲಿ) ಇಟ್ಟರೆ ಒಂದೇ ಸಲಕ್ಕೆ 10,000 ವಿಳಾಸದವರೆಗೆ ತಿಳಿಸಬಹುದು. ಗೂಗಲ್ ಇದರಲ್ಲಿ ಸೇರಿಲ್ಲ. ಆದರೂ ಹಾಕಿಡಿ, ಡಕ್‌ಡಕ್‌ಗೋದ ಫಲಿತಾಂಶಗಳಲ್ಲಿ ಬಹುಪಾಲು ಬಿಂಗ್‌ನಿಂದಲೇ ಬರುತ್ತವೆ. ಬಿಂಗ್‌ನ ಇಂಥದೇ ಸಾಧನವಾದ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ಗೆ ನಿಮ್ಮ ಸೈಟನ್ನು ಸರ್ಚ್ ಕನ್ಸೋಲ್‌ನಿಂದ ನೇರ ಇಂಪೋರ್ಟ್ ಮಾಡಬಹುದು.

ಗೂಗಲ್‌ನ ಇಂಡೆಕ್ಸಿಂಗ್ ಎಪಿಐ (ಪ್ರೋಗ್ರಾಂ ಮೂಲಕ ಪುಟವನ್ನು ತಿಳಿಸುವ ದಾರಿ) ಉದ್ಯೋಗ ಜಾಹೀರಾತು ಮತ್ತು ಲೈವ್ ವಿಡಿಯೊ ಪುಟಗಳಿಗೆ ಮಾತ್ರ. ಸೀರೆಯ ಪುಟವನ್ನು ಅದರ ಮೂಲಕ ತಳ್ಳಿಸುವ ಪ್ಲಗಿನ್ ಬೇಡ. ದುಡ್ಡು ತೆಗೆದುಕೊಂಡು ಇಂಡೆಕ್ಸ್ ಗ್ಯಾರಂಟಿ ಕೊಡುವವರೂ ಬೇಡ.

ಇವೆಲ್ಲವೂ ಪುಟ ಇದೆ ಎಂದು ತಿಳಿಸುವ ದಾರಿಗಳು, ಅಷ್ಟೇ. ಇಟ್ಟುಕೊಳ್ಳುವುದೋ ಬೇಡವೋ ಎಂಬ ತೀರ್ಮಾನ ಗೂಗಲ್‌ನದು. ಅದಕ್ಕೇ ಪುಟ ಸೇರದಿದ್ದರೆ ಸರ್ಚ್ ಕನ್ಸೋಲ್‌ನ ಪೇಜಸ್ ವರದಿಯಲ್ಲಿ ಯಾವ ಕಾರಣ ಬರೆದಿದೆ ಎಂದು ಓದಿಯೇ ಮುಂದುವರಿಯಬೇಕು. ‘ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದರೆ ವಿಳಾಸ ಗೊತ್ತಾಗಿದೆ, ಪುಟವನ್ನು ಇನ್ನೂ ತೆರೆದು ನೋಡಿಲ್ಲ. ಇಲ್ಲಿ ಒಳಗಿನ ಲಿಂಕ್ ಕೆಲಸಕ್ಕೆ ಬರುತ್ತದೆ: ಹೋಮ್‌ಪೇಜ್‌ನಿಂದ ಅಥವಾ ವಿಭಾಗದ ಪುಟದಿಂದ ಸಾದಾ ಲಿಂಕ್ ಕೊಡಿ. ‘ಇನ್ನಷ್ಟು ತೋರಿಸು’ ಬಟನ್ ಒತ್ತಿದ ಮೇಲಷ್ಟೇ ಲೋಡ್ ಆಗುವ ಸರಕಿಗೆ ಗೂಗಲ್‌ಬಾಟ್ (ಪುಟಗಳನ್ನು ತೆರೆದು ನೋಡುವ ಗೂಗಲ್‌ನ ಪ್ರೋಗ್ರಾಂ) ತಲುಪುವುದಿಲ್ಲ, ಅದು ಬಟನ್ ಒತ್ತುವುದಿಲ್ಲ.

‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಬೇರೆಯೇ ಕಥೆ. ನೋಡಿಯಾಗಿದೆ, ಇಟ್ಟುಕೊಂಡಿಲ್ಲ. ಬೆಂಗಳೂರಿನ ಸೈಟುಗಳಲ್ಲಿ ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುವುದು ಏರಿಯಾ ಪುಟಗಳು: ‘ಜಯನಗರದಲ್ಲಿ ಎಸಿ ರಿಪೇರಿ’, ‘ಮಲ್ಲೇಶ್ವರದಲ್ಲಿ ಎಸಿ ರಿಪೇರಿ’, ‘ವೈಟ್‌ಫೀಲ್ಡ್‌ನಲ್ಲಿ ಎಸಿ ರಿಪೇರಿ’. ಊರ ಹೆಸರು ಬಿಟ್ಟರೆ ಒಂದಕ್ಷರವೂ ಬೇರೆ ಇರುವುದಿಲ್ಲ. ಇವನ್ನು ಎಷ್ಟು ಸಲ ಸಲ್ಲಿಸಿದರೂ ದಂಡ. ಎಲ್ಲವನ್ನೂ ಒಂದೇ ಪುಟಕ್ಕೆ ತಂದು, ಗ್ಯಾಸ್ ತುಂಬಿಸಲು ಎಷ್ಟು, ವಿಸಿಟಿಂಗ್ ಚಾರ್ಜ್ ಎಷ್ಟು, ಯಾವ ಬಡಾವಣೆಗೆ ಎಷ್ಟು ಹೊತ್ತಿನಲ್ಲಿ ಬರುತ್ತೀರಿ ಎಂಬುದನ್ನು ಬರೆಯಿರಿ. ಹಳೆಯ ವಿಳಾಸಗಳಿಂದ ಅದಕ್ಕೆ 301 ರೀಡೈರೆಕ್ಟ್ (ಬಂದವರನ್ನು ಹೊಸ ವಿಳಾಸಕ್ಕೆ ಖಾಯಮ್ಮಾಗಿ ಕಳಿಸುವ ಏರ್ಪಾಡು) ಕೊಡಿ. ಹಳೆಯದನ್ನು ತೆಗೆಯಲು ರೋಬೋಟ್ಸ್ ಫೈಲಿನಲ್ಲಿ (ಯಾವ ಪುಟ ತೆರೆಯಬಾರದೆಂದು ಸರ್ಚ್ ಎಂಜಿನ್‌ಗಳಿಗೆ ಹೇಳುವ robots.txt) ತಡೆ ಹಾಕಬೇಡಿ. ತಡೆದರೆ ಗೂಗಲ್‌ಗೆ ಆ ರೀಡೈರೆಕ್ಟ್ ಕಾಣುವುದೇ ಇಲ್ಲ.