ಖಿನ್ನತೆಯ ಮೂರು ಮಾತ್ರೆಗಳು ಮತ್ತು ಕಾಮಾಸಕ್ತಿ: ನಾನೇಕೆ ಬ್ಯುಪ್ರೊಪಿಯಾನ್‌ಗೆ ಬಂದು ನಿಂತೆ

ಖಿನ್ನತೆಗೆ ಔಷಧ ತೆಗೆದುಕೊಳ್ಳಬೇಕಾಗಿ ಬಂದವರಿಗೆ ದಾಂಪತ್ಯಸುಖವೂ ಮುಖ್ಯವೆನಿಸಿದ್ದರೆ, ಮೂರ್ಛೆರೋಗದ ಹಿನ್ನೆಲೆ ಅವರಿಗಿಲ್ಲದಿದ್ದರೆ, ವೈದ್ಯರ ಮುಂದೆ ಮೊದಲು ಎತ್ತಬೇಕಾದ ಹೆಸರು ಬ್ಯುಪ್ರೊಪಿಯಾನ್ ಎಂಬುದು ನನ್ನ ಅಭಿಪ್ರಾಯ. ಎಸಿಟಾಲೊಪ್ರಾಮ್, ಮಿರ್ಟಾಜಪಿನ್, ಬ್ಯುಪ್ರೊಪಿಯಾನ್ ಈ ಮೂರನ್ನೂ ಒಂದಾದ ಮೇಲೊಂದರಂತೆ, ಮನೋವೈದ್ಯರ ಚೀಟಿಯ ಪ್ರಕಾರವೇ ತೆಗೆದುಕೊಂಡು ನೋಡಿದ ಬಳಿಕ ಈ ಮಾತು ಹೇಳುತ್ತಿದ್ದೇನೆ. ನಾನು ವೈದ್ಯೆಯಲ್ಲ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ, ನಲವತ್ತು ದಾಟಿದ ಗೃಹಸ್ಥೆ. ಮೂರೂ ಖಿನ್ನತೆಯನ್ನು ಇಳಿಸುತ್ತವೆ, ಮೂರಕ್ಕೂ ಗುಣ ಕಾಣಲು ಕೆಲವು ವಾರ ಬೇಕು ಎಂಬ ಎಲ್ಲರಿಗೂ ತಿಳಿದ ಸಂಗತಿಗಳನ್ನು ಇಲ್ಲಿ ವಿವರಿಸುವುದಿಲ್ಲ.

ಮನಸ್ಸಿನ ಮಟ್ಟಿಗೆ ಎಸಿಟಾಲೊಪ್ರಾಮ್ ಬಗ್ಗೆ ನನ್ನ ದೂರು ಏನೂ ಇಲ್ಲ. ಬೆಳಿಗ್ಗೆ ಏಳುವಾಗ ಎದೆಯ ಮೇಲೆ ಕೂತಿರುತ್ತಿದ್ದ ಭಾರ ಇಳಿಯಿತು, ಕಾರಣವಿಲ್ಲದೆ ಬರುತ್ತಿದ್ದ ಅಳು ನಿಂತಿತು, ತರಗತಿಯಲ್ಲಿ ಮಕ್ಕಳ ಮೇಲೆ ರೇಗುವುದೂ ಕಡಿಮೆಯಾಯಿತು. ಆದರೆ ಈ ಲಾಭಗಳು ಕಾಣಿಸಿಕೊಳ್ಳುವುದಕ್ಕೆ ಮೊದಲೇ, ಮಾತ್ರೆ ಹಿಡಿದ ಎರಡನೆಯ ವಾರದ ಹೊತ್ತಿಗೆ, ದೇಹದಲ್ಲಿ ಇನ್ನೊಂದು ಬದಲಾವಣೆ ಬಂದಿತ್ತು. ಆಸೆ ಮೂಡುವುದೇ ಅಪರೂಪವಾಯಿತು. ಮೂಡಿದರೂ, ಸೀನು ಬಂದಂತಾಗಿ ಬಾರದೆ ಹೋಗುವ ಹಾಗೆ, ಸುಖದ ತುದಿಯವರೆಗೆ ಹೋಗಿ ಅಲ್ಲೇ ಆರಿಹೋಗುತ್ತಿತ್ತು. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುವ, ಎಸ್‌ಎಸ್‌ಆರ್‌ಐ ಎಂದು ಕರೆಯುವ ಗುಂಪಿನ ಮಾತ್ರೆಗಳಲ್ಲಿ ಇದು ಬಹಳ ಸಾಮಾನ್ಯ. ಎಸಿಟಾಲೊಪ್ರಾಮ್, ಸೆರ್ಟ್ರಾಲೀನ್, ಫ್ಲುಆಕ್ಸೆಟೀನ್, ಪ್ಯಾರಾಕ್ಸೆಟೀನ್ ಎಲ್ಲವೂ ಈ ಗುಂಪಿನವೇ, ಇವುಗಳಲ್ಲಿ ಪ್ಯಾರಾಕ್ಸೆಟೀನ್‌ಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕೆಟ್ಟ ಹೆಸರಿದೆ. ಸೆರೊಟೋನಿನ್ ಹೆಚ್ಚಾದಾಗ ಆಸೆಗೂ ಉದ್ರೇಕಕ್ಕೂ ಬೇಕಾದ, ಡೋಪಮೈನ್ ಎಂಬ ಇನ್ನೊಂದು ರಾಸಾಯನಿಕದ ಚಟುವಟಿಕೆ ತಗ್ಗುತ್ತದೆ, ಪರಾಕಾಷ್ಠೆ ತಡವಾಗುತ್ತದೆ ಇಲ್ಲವೇ ಬರುವುದೇ ಇಲ್ಲ. ಗಂಡಸರಲ್ಲಿ ಶೀಘ್ರಸ್ಖಲನಕ್ಕೆ ಕೊಡುವ ಡ್ಯಾಪಾಕ್ಸೆಟೀನ್ ಕೂಡ ಇದೇ ಗುಂಪಿನ ಮಾತ್ರೆ ಎಂದರೆ, ಒಬ್ಬರಿಗೆ ಚಿಕಿತ್ಸೆಯಾದದ್ದು ಇನ್ನೊಬ್ಬರಿಗೆ ಉಪದ್ರವ ಹೇಗಾಗುತ್ತದೆಂದು ಊಹಿಸಬಹುದು.

ಇಲ್ಲಿ ದೊಡ್ಡ ತೊಡಕೆಂದರೆ ಕಾರಣ ಯಾವುದೆಂದು ಗುರುತಿಸುವುದು. ಖಿನ್ನತೆಯೇ ಕಾಮಾಸಕ್ತಿಯನ್ನು ನುಂಗಿಹಾಕುತ್ತದೆ. ಹಾಗಿರುವಾಗ ಆಸೆ ಇಲ್ಲವಾದದ್ದು ಕಾಯಿಲೆಯಿಂದಲೋ, ಮಾತ್ರೆಯಿಂದಲೋ, ಗಂಡಹೆಂಡಿರ ನಡುವಿನ ಬೇರೆ ಯಾವುದೋ ಮುನಿಸಿನಿಂದಲೋ? ನನಗೆ ಗುರುತು ಸಿಕ್ಕದ್ದು ಹೀಗೆ: ಖಿನ್ನತೆಯ ದಿನಗಳಲ್ಲಿ ಎಲ್ಲವೂ ಒಟ್ಟಿಗೆ ಸಪ್ಪೆಯಾಗಿತ್ತು, ಊಟ, ಹಾಡು, ತಂಗಿಯ ಫೋನು ಯಾವುದೂ ರುಚಿಸುತ್ತಿರಲಿಲ್ಲ. ಮಾತ್ರೆ ಹಿಡಿದ ಮೇಲೆ ಅವೆಲ್ಲ ಒಂದೊಂದಾಗಿ ಮರಳಿ ಬಂದವು, ಇದೊಂದು ಮಾತ್ರ ಬರಲಿಲ್ಲ. ಅಲ್ಲದೆ ಪರಾಕಾಷ್ಠೆ ಸಿಗದಿರುವ ತೊಂದರೆ ಖಿನ್ನತೆ ಇದ್ದಾಗಲೂ ನನಗೆ ಇರಲಿಲ್ಲ. ಈ ವ್ಯತ್ಯಾಸವನ್ನು ಡೈರಿಯಲ್ಲಿ ಬರೆದಿಟ್ಟುಕೊಂಡದ್ದು ಮುಂದೆ ವೈದ್ಯರಿಗೆ ತೋರಿಸಲು ಉಪಯೋಗವಾಯಿತು. ನಮ್ಮವರಿಗಂತೂ ಇದು ಮಾತ್ರೆಯ ಕೆಲಸವೆಂದು ಹೊಳೆದೇ ಇರಲಿಲ್ಲ. ತಮ್ಮ ಮೇಲೆ ನನಗೆ ಬೇಸರ ಬಂದಿದೆ ಎಂದೇ ಅವರು ತಿಳಿದಿದ್ದರು.

ವೈದ್ಯರ ಮುಂದೆ ಇದನ್ನು ಹೇಳುವುದು ಇನ್ನೂ ಕಷ್ಟವಾಯಿತು. ನಮ್ಮಲ್ಲಿ ರೋಗಿಯೊಬ್ಬರೇ ಮನೋವೈದ್ಯರಲ್ಲಿಗೆ ಹೋಗುವುದು ಕಡಿಮೆ, ನನ್ನ ಪಕ್ಕದ ಕುರ್ಚಿಯಲ್ಲಿ ಪ್ರತಿ ಸಲವೂ ಅತ್ತೆಯವರು ಕುಳಿತಿರುತ್ತಿದ್ದರು. "ಏನಮ್ಮಾ, ಊಟ ನಿದ್ದೆ ಎಲ್ಲ ಸರಿಯಾಗಿದೆಯಾ?" ಎಂದು ವೈದ್ಯರು ಕೇಳಿದರೆ ನನಗಿಂತ ಮೊದಲು ಅತ್ತೆಯವರೇ ಉತ್ತರ ಹೇಳಿಬಿಡುತ್ತಿದ್ದರು, ಅಷ್ಟರಲ್ಲಿ ಬಾಗಿಲ ಬಳಿಯ ಸಹಾಯಕ ಮುಂದಿನ ಟೋಕನ್ ಕೂಗುತ್ತಿದ್ದ. ಕೊನೆಗೆ ನಾಲ್ಕು ಸಾಲು ಬರೆದ ಚೀಟಿಯೊಂದನ್ನು ಫೈಲಿನೊಳಗೆ, ರಕ್ತಪರೀಕ್ಷೆಯ ವರದಿಯ ಮೇಲೆ ಪಿನ್ ಹಾಕಿ ಕೊಟ್ಟೆ. ವೈದ್ಯರು ಓದಿ, ಬಿಪಿ ನೋಡಬೇಕೆಂಬ ನೆಪದಲ್ಲಿ ಅತ್ತೆಯವರನ್ನು ಹೊರಗೆ ಕೂರಿಸಿ, ಆಸೆ, ಉದ್ರೇಕ, ತೇವ, ಪರಾಕಾಷ್ಠೆ, ತೃಪ್ತಿ ಇವುಗಳಲ್ಲಿ ಯಾವುದರಲ್ಲಿ ತೊಂದರೆ ಎಂದು ಬಿಡಿಬಿಡಿಯಾಗಿ ಕೇಳಿದರು. ಕೇಳಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಹೇಳಲು ಸಂಕೋಚಪಡುವ ಹೆಂಗಸರಿಗೆ ಈ ಚೀಟಿಯ ಉಪಾಯವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ಮಾತ್ರೆ ಬದಲಿಸುವ ಮೊದಲು ಅದನ್ನೇ ಸರಿಹೊಂದಿಸುವ ಪ್ರಯತ್ನವೂ ನಡೆಯಿತು. 20 ಮಿಲಿಗ್ರಾಮನ್ನು 10ಕ್ಕೆ ಇಳಿಸಿದಾಗ ಸ್ವಲ್ಪ ವ್ಯತ್ಯಾಸ ಕಂಡಿತು, ಸಾಕಾಗುವಷ್ಟಲ್ಲ. ಶನಿವಾರ, ಭಾನುವಾರ ಮಾತ್ರೆ ಬಿಟ್ಟರೆ ಹೇಗೆ ಎಂದು ನಾನು ಕೇಳಿದ್ದಕ್ಕೆ ವೈದ್ಯರು ಒಪ್ಪಲಿಲ್ಲ. ಎಸಿಟಾಲೊಪ್ರಾಮ್‌ನ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 30 ಗಂಟೆ ಬೇಕು, ಫ್ಲುಆಕ್ಸೆಟೀನ್‌ಗಾದರೆ ಹಲವು ದಿನಗಳೇ ಬೇಕು. ಹಾಗಾಗಿ ಎರಡು ದಿನ ಬಿಡುವುದರಿಂದ ಲಾಭ ಖಚಿತವಿಲ್ಲ, ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ಖಿನ್ನತೆ ಮರುಕಳಿಸುವುದು ಇವುಗಳ ಅಪಾಯ ಮಾತ್ರ ಇದ್ದೇ ಇದೆ ಎಂಬುದು ಅವರ ವಾದ. ಗಂಡಸರಿಗೆ ನಿಮಿರುವಿಕೆಯ ತೊಂದರೆಯಾದಾಗ ಸಿಲ್ಡೆನಾಫಿಲ್ ಜೊತೆಗೆ ಕೊಡುವುದುಂಟು, ಅದು ಕಳೆದುಹೋದ ಆಸೆಯನ್ನು ಮರಳಿ ತರುವ ಔಷಧವಲ್ಲ.

ಮಿರ್ಟಾಜಪಿನ್ ಬಗ್ಗೆ ಹೇಳಬೇಕಾದದ್ದು ಕಡಿಮೆ. ಕಾಮಾಸಕ್ತಿಯ ಮಟ್ಟಿಗೆ ಎಸಿಟಾಲೊಪ್ರಾಮ್‌ಗಿಂತ ಎಷ್ಟೋ ವಾಸಿ, ಪರಾಕಾಷ್ಠೆಯ ತೊಂದರೆ ಬಹುಮಟ್ಟಿಗೆ ಹೋಯಿತು, ನಿದ್ದೆಯೂ ಗಾಢವಾಗಿ ಬಂತು. ಆದರೆ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಕಣ್ಣು ಎಳೆದುಕೊಂಡು ಹೋಗುವುದರಿಂದ ಮರಳಿ ಬಂದ ಆಸೆಗೆ ಹೊತ್ತೇ ಉಳಿಯುತ್ತಿರಲಿಲ್ಲ. ನಡುರಾತ್ರಿ ಎದ್ದು ಉಳಿದ ಚಪಾತಿಗೆ ಬೆಲ್ಲ, ತುಪ್ಪ ಸವರಿಕೊಂಡು ತಿನ್ನುವಷ್ಟು ಹಸಿವು ಬೇರೆ. ತಂದೆ, ದೊಡ್ಡಪ್ಪ ಇಬ್ಬರಿಗೂ ಸಕ್ಕರೆ ಕಾಯಿಲೆ ಇರುವ ಮನೆತನದವಳು ನಾನು. ತೂಕ ಏರುತ್ತಿದ್ದುದನ್ನು ಕಂಡು ಇದು ನನಗಲ್ಲವೆಂದು ತೀರ್ಮಾನಿಸಿದೆ. ಸಣಕಲಾಗಿರುವವರಿಗೆ, ನಿದ್ದೆಯಿಲ್ಲದೆ ಒದ್ದಾಡುವವರಿಗೆ ಇದೇ ವರವಾಗಬಹುದು.

ಬ್ಯುಪ್ರೊಪಿಯಾನ್ ಸೆರೊಟೋನಿನ್‌ನ ಗೊಡವೆಗೆ ಹೋಗುವುದಿಲ್ಲ. ಅದು ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮೇಲೆ ಕೆಲಸ ಮಾಡುವುದರಿಂದ ಲೈಂಗಿಕ ತೊಂದರೆ ತೀರಾ ಕಡಿಮೆ. ಎಸ್‌ಎಸ್‌ಆರ್‌ಐ ಬಿಡಲಾಗದವರಿಗೆ ಅದರ ಜೊತೆಗೇ ಇದನ್ನೂ ಕೊಡುವುದುಂಟು. ಎಸಿಟಾಲೊಪ್ರಾಮ್ ತಂದ ಮರಗಟ್ಟುವಿಕೆ ನನಗೆ ಇದರಲ್ಲಿ ಒಮ್ಮೆಯೂ ಕಾಣಲಿಲ್ಲ, ತೂಕವೂ ಏರಲಿಲ್ಲ. ನಿಧಾನವಾಗಿ ಬಿಡುಗಡೆಯಾಗುವ ಎಕ್ಸ್‌ಎಲ್ ಮಾತ್ರೆಯನ್ನು ಮುರಿಯದೆ, ಜಗಿಯದೆ ನುಂಗಬೇಕು, ಆದಷ್ಟು ಬೆಳಿಗ್ಗೆಯೇ ನುಂಗಬೇಕು. ಐದೂವರೆಗೆ ಎದ್ದು ಆರಕ್ಕೆ ಕಾಫಿ ಕುಡಿಯುವ ನನಗೆ ಇದು ಕಷ್ಟವೇ ಅಲ್ಲ. ಹನ್ನೊಂದಕ್ಕೆ ಎದ್ದು ಮಧ್ಯಾಹ್ನ ಮಾತ್ರೆ ನೆನಪಿಸಿಕೊಳ್ಳುವವರು ಇದನ್ನು ಹಿಡಿದರೆ ರಾತ್ರಿಯ ನಿದ್ದೆಯ ಆಸೆ ಬಿಡಬೇಕಾದೀತು.

ಇದರಲ್ಲಿ ದೋಷಗಳಿಲ್ಲವೆಂದಲ್ಲ. ಬಾಯಿ ಒಣಗುತ್ತದೆ, ಮೊದಮೊದಲು ಕೈ ಸಣ್ಣಗೆ ನಡುಗುತ್ತದೆ, ರಕ್ತದೊತ್ತಡ ಏರಬಹುದಾದ್ದರಿಂದ ಆಗಾಗ ನೋಡಿಸಿಕೊಳ್ಳಬೇಕು. ಮುಖ್ಯವಾದದ್ದು ಮೂರ್ಛೆಯ ಅಪಾಯ. ಅಮೆರಿಕದಲ್ಲಿ 1985ರಲ್ಲಿ ಒಪ್ಪಿಗೆ ಪಡೆದ ಈ ಔಷಧವನ್ನು ಇದೇ ಕಾರಣಕ್ಕೆ 1986ರಲ್ಲಿ ಹಿಂದಕ್ಕೆ ಪಡೆದು, ಗರಿಷ್ಠ ಪ್ರಮಾಣವನ್ನು ತಗ್ಗಿಸಿ 1989ರಲ್ಲಿ ಮತ್ತೆ ತಂದರು. ಮೂರ್ಛೆರೋಗ ಇರುವವರು, ಊಟ ಬಿಡುವ ಅಥವಾ ತಿಂದು ವಾಂತಿ ಮಾಡುವ ಕಾಯಿಲೆಯವರು, ಕುಡಿತವನ್ನು ಹಠಾತ್ತನೆ ನಿಲ್ಲಿಸುತ್ತಿರುವವರು ಇದನ್ನು ಮುಟ್ಟಬಾರದು. ಗೀಳು ಕಾಯಿಲೆಗೂ ಪ್ಯಾನಿಕ್ ಎಂಬ ಹಠಾತ್ ಭಯದ ಕಾಯಿಲೆಗೂ ಇದನ್ನು ನೆಚ್ಚಿಕೊಳ್ಳುವಂತಿಲ್ಲ, ಅಲ್ಲಿ ಎಸ್‌ಎಸ್‌ಆರ್‌ಐಗಳದೇ ಮೇಲುಗೈ.

ಹಣದ ಲೆಕ್ಕದಲ್ಲಿ ಎಸಿಟಾಲೊಪ್ರಾಮ್ ಗೆಲ್ಲುತ್ತದೆ, ಅದು ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತದೆ. ಬ್ಯುಪ್ರೊಪಿಯಾನ್‌ಗೆ ನಾನು ಪೇಟೆಯ ದೊಡ್ಡ ಅಂಗಡಿಗೆ ಹೋಗಬೇಕು, ತಿಂಗಳ ಖರ್ಚೂ ಹೆಚ್ಚು. ಹೊರಗಿನ ತಿಂಡಿಯನ್ನು ಕಡಿಮೆ ಮಾಡಿ ಅದನ್ನು ಸರಿದೂಗಿಸುತ್ತಿದ್ದೇನೆ. ಕಾಮಾಸಕ್ತಿಯ ವಿಷಯದಲ್ಲಿ ಹಿತವಾದ ಇನ್ನೊಂದು ಮಾತ್ರೆ ವೋರ್ಟಿಯಾಕ್ಸೆಟೀನ್ ಎಂದು ವೈದ್ಯರು ಹೇಳಿದ್ದರು, ಅದರ ಬೆಲೆ ಕೇಳಿಯೇ ಬೇಡವೆಂದೆ.

ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ನನ್ನ ಎಸಿಟಾಲೊಪ್ರಾಮನ್ನು ಹಲವು ವಾರಗಳಲ್ಲಿ ಹಂತಹಂತವಾಗಿಯೇ ಇಳಿಸಿದ್ದು. ಕೆಲವರಲ್ಲಿ ಎಸ್‌ಎಸ್‌ಆರ್‌ಐ ನಿಲ್ಲಿಸಿದ ಮೇಲೂ ಲೈಂಗಿಕ ತೊಂದರೆ ಉಳಿಯಬಹುದೆಂಬ ಎಚ್ಚರಿಕೆಯನ್ನು ಔಷಧದ ಮಾಹಿತಿಯಲ್ಲಿ ಸೇರಿಸಬೇಕೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಹೇಳಿದೆ, ಆದ್ದರಿಂದ ಈ ಮಾತನ್ನು ಮಾತ್ರೆ ಹಿಡಿಯುವ ದಿನವೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ನಾನು ಸದ್ಯಕ್ಕೆ ಬ್ಯುಪ್ರೊಪಿಯಾನ್‌ನ 150 ಮಿಲಿಗ್ರಾಮಿನಲ್ಲೇ ಇದ್ದೇನೆ. 300ಕ್ಕೆ ಏರಿಸುವ ಮಾತನ್ನು ವೈದ್ಯರು ಎತ್ತಿದ್ದಾರೆ, ಬೇಸಿಗೆ ರಜೆಯವರೆಗೆ ಬಿಪಿಯನ್ನೂ ನಿದ್ದೆಯನ್ನೂ ನೋಡಿಕೊಂಡು ಆಮೇಲೆ ನಿರ್ಧರಿಸುವುದೆಂದು ಇಬ್ಬರೂ ಒಪ್ಪಿದ್ದೇವೆ.